ಹಂದಿಗೆ ಯಾವ ಗುಂಡು?

ಮುಸುಕಿನ ಜೋಳ ತೆನೆಗಟ್ಟುವ ಹೊತ್ತಿಗೆ ನಮ್ಮೂರು ಧನಗೆರೆಯ ಹುಡುಗರು ಒಂದು ಪ್ರಶ್ನೆ ಹಿಡಿದು ಬರುತ್ತಾರೆ. "ಅಣ್ಣ, ರಿವಾಲ್ವರಿಗೆ ಯಾವ ಗುಂಡು ಹಾಕುದ್ರ ಹಂದಿ ಬಿದ್ದದು?" ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿರುತ್ತಾರೆ. ಟೋಪಿ ಹಾಕಿದ ಒಬ್ಬ ಮನುಷ್ಯ ಸೊಂಟದಿಂದ ಪಿಸ್ತೂಲು ಎಳೆದು ಎಮ್ಮೆಕರುವಿನಷ್ಟು ಹಂದಿಯನ್ನು ಒಂದೇ ಏಟಿಗೆ ಕೆಡವಿರುತ್ತಾನೆ. ಹಿಂದಿನ ರಾತ್ರಿ ಅರ್ಧ ಎಕರೆ ಜೋಳ ನೆಲಕ್ಕೆ ಒರಗಿಸಿಕೊಂಡವನಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಉಳಿಯುತ್ತದೆ.

ನನ್ನನ್ನು ಕೇಳುವುದಕ್ಕೆ ಕಾರಣವಿದೆ. ಊರಿಗೆ ಬಂದು ಜಮೀನು ನೋಡಿಕೊಳ್ಳುವ ಮುಂಚೆ ನಾನು ಮೈಸೂರಿನ ಲೈಸೆನ್ಸ್ ಪಡೆದ ಬಂದೂಕಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ತೋಟಾ ಎಣಿಸಿ ಕೊಡುವುದು, ಲೈಸೆನ್ಸ್ ಪುಸ್ತಕದಲ್ಲಿ ಬರೆಯುವುದು, ಸ್ಟಾಕ್ ರಿಜಿಸ್ಟರ್ ತುಂಬುವುದು ನನ್ನ ಪಾಲಿಗೆ ಬಂದಿತ್ತು. ಕೊಡಗಿನ ಪ್ಲಾಂಟರುಗಳು, ಹುಣಸೂರಿನ ತಂಬಾಕು ಬೆಳೆಗಾರರು, ಬ್ಯಾಂಕಿನ ಕಾವಲುಗಾರರು ಎಲ್ಲರೂ ಆ ಕೌಂಟರಿಗೆ ಬರುತ್ತಿದ್ದರು. ಯಾವ ತೋಟಾ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಅವರಿಂದಲೇ ಕಲಿತೆ. ಆದ್ದರಿಂದ ಹುಡುಗರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಲೈಸೆನ್ಸಿಗೆ ಸಾಮಾನ್ಯವಾಗಿ ಸಿಗುವ ರಿವಾಲ್ವರಿಗೆ ಹಂದಿಯನ್ನು ಕೊಲ್ಲುವ ಗುಂಡು ಇಲ್ಲ. ಯಾಕೆ ಇಲ್ಲ ಎಂಬುದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅವರು ನಂಬುವುದಿಲ್ಲ.

ಮೊದಲು ಹಂದಿಯ ಮೈ ನೋಡಬೇಕು. ಬಲಿತ ಗಂಡು ಹಂದಿ ನೂರು ಕೆ.ಜಿ. ಆಸುಪಾಸು ತೂಗುತ್ತದೆ, ಚೆನ್ನಾಗಿ ಮೇದದ್ದು ಇನ್ನೂ ಹೆಚ್ಚು. ಅದರ ಭುಜದಿಂದ ಪಕ್ಕೆಯವರೆಗೆ ಚರ್ಮದ ಕೆಳಗೆ ಗಟ್ಟಿಯಾದ ನಾರಿನ ಪದರವೊಂದು ಬೆಳೆಯುತ್ತದೆ. ಹೆಣ್ಣಿಗಾಗಿ ಗಂಡುಗಳು ಕೋರೆ ಮಸೆದು ಕಾದಾಡುವಾಗ ಎದುರಾಳಿಯ ಕೋರೆ ಒಳಗಿಳಿಯದಂತೆ ಪ್ರಕೃತಿ ಕೊಟ್ಟ ಗುರಾಣಿ ಅದು. ವಯಸ್ಸಾದಂತೆ ದಪ್ಪವಾಗುತ್ತದೆ. ಅದರ ಮೇಲೆ ಹೊಂಡದಲ್ಲಿ ಹೊರಳಿ ಮೆತ್ತಿಕೊಂಡ ಕೆಸರು ಒಣಗಿ ಕೂತಿರುತ್ತದೆ. ಹೃದಯ ಇರುವುದು ನಾವು ಊಹಿಸುವುದಕ್ಕಿಂತ ಕೆಳಗೆ ಮತ್ತು ಮುಂದಕ್ಕೆ, ಮುಂಗಾಲಿನ ಸಂದಿಯ ಹತ್ತಿರ. ದನದ ಲೆಕ್ಕದಲ್ಲಿ ಪಕ್ಕೆಯ ನಡುವಿಗೆ ಗುರಿಯಿಟ್ಟರೆ ಗುಂಡು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಏಟು ತಿಂದ ಹಂದಿ ಅಲ್ಲಿ ಬೀಳುವುದಿಲ್ಲ. ಓಡುತ್ತದೆ, ಪೊದೆಯಲ್ಲಿ ಮಲಗುತ್ತದೆ, ಕೆಲವೊಮ್ಮೆ ಎರಡು ಮೂರು ದಿನ ನರಳಿ ಸಾಯುತ್ತದೆ.

ಹಾಗಾಗಿ ಹಂದಿಗೆ ಹಾಕುವ ಗುಂಡಿನಲ್ಲಿ ನೋಡಬೇಕಾದ ಮೊದಲ ಗುಣ ಆಳ. ಗುರಾಣಿ, ಪಕ್ಕೆಯ ಮೂಳೆ ಎರಡನ್ನೂ ದಾಟಿ ಶ್ವಾಸಕೋಶ, ಹೃದಯ ಮುಟ್ಟುವಷ್ಟು ಆಳಕ್ಕೆ ಅದು ಹೋಗಬೇಕು. ಟೊಳ್ಳುಮೂತಿಯ ಗುಂಡು ಮೈಯೊಳಗೆ ಹೂವಿನ ಹಾಗೆ ಅರಳಿ ಅಗಲವಾದ ಗಾಯ ಮಾಡುತ್ತದೆ ಎಂದು ವಿಡಿಯೊಗಳಲ್ಲಿ ಹೊಗಳುತ್ತಾರೆ. ಗುಂಡಿನ ಹಿಂದೆ ಬಲವಿದ್ದರೆ ಅದು ನಿಜ. ಬಲ ಕಡಿಮೆಯಿದ್ದಾಗ ಅರಳುವುದರಲ್ಲೇ ಬಲವೆಲ್ಲ ಖರ್ಚಾಗಿ ಗುಂಡು ಗುರಾಣಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅಮೆರಿಕದಲ್ಲಿ ಕೈಬಂದೂಕಿನಿಂದ ಹಂದಿ ಹೊಡೆಯುವ ಅನುಭವಸ್ಥರು ಅದಕ್ಕೇ ಭಾರವಾದ, ಗಟ್ಟಿ ಸೀಸದ ಎರಕದ, ಮೂತಿ ಚಪ್ಪಟೆಯಾದ ಗುಂಡನ್ನು ಆರಿಸುತ್ತಾರೆ. ಅರಳದಿದ್ದರೂ ಪರವಾಗಿಲ್ಲ, ನೇರವಾಗಿ ಒಳಗೆ ಹೋದರೆ ಸಾಕು ಎನ್ನುವುದು ಅವರ ಲೆಕ್ಕ.

ಅವರ ಕೈಯಲ್ಲಿರುವ ಬಂದೂಕಾದರೂ ಎಂಥದ್ದು? .44 ಮ್ಯಾಗ್ನಮ್ ಎಂಬ ತೋಟಾ 1955ರಲ್ಲಿ ಬಂತು. ಎಲ್ಮರ್ ಕೀತ್ ಎಂಬ ಬೇಟೆಗಾರ ವರ್ಷಗಟ್ಟಲೆ ಹಟ ಹಿಡಿದದ್ದಕ್ಕೆ ಸ್ಮಿತ್ ಅಂಡ್ ವೆಸನ್ ರಿವಾಲ್ವರನ್ನೂ ರೆಮಿಂಗ್ಟನ್ ತೋಟಾವನ್ನೂ ಮಾಡಿದವು. ದೊಡ್ಡ ಪ್ರಾಣಿಯನ್ನು ಕೈಬಂದೂಕಿನಿಂದ ಹೊಡೆಯಬೇಕೆಂಬ ಉದ್ದೇಶವೇ ಅದರ ಹಿಂದಿತ್ತು. ಅದರ ಗುಂಡು ಸುಮಾರು 15 ಗ್ರಾಂ, ನಳಿಗೆಯಿಂದ ಹೊರಡುವಾಗ ಅದರಲ್ಲಿರುವ ಶಕ್ತಿ ಸಾವಿರ ಜೂಲಿಗೂ ಮೇಲೆ.

ನಮ್ಮಲ್ಲಿ ಲೈಸೆನ್ಸ್ ಇರುವ ಸಾಮಾನ್ಯ ಮನುಷ್ಯನ ಕೈಗೆ ಬರುವುದು ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಅಥವಾ ಅದೇ ಅಳತೆಯ ಪಿಸ್ತೂಲು. 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರಿನ ಪಟ್ಟಿಯಲ್ಲಿದೆ. 2014ರಲ್ಲಿ ಕಾನ್ಪುರದಿಂದ ಮಹಿಳೆಯರಿಗೆಂದು ಬಂದ 'ನಿರ್ಭೀಕ್' ಕೂಡ .32 ರಿವಾಲ್ವರೇ. ಅದರ ಗುಂಡು ಆರೂವರೆ ಗ್ರಾಮಿನ ಹತ್ತಿರ, ಶಕ್ತಿ ಸುಮಾರು 150 ಜೂಲ್. ಮ್ಯಾಗ್ನಮ್ಮಿನ ಆರನೇ ಒಂದು ಪಾಲೂ ಇಲ್ಲ. ಕೋಣೆಯೊಳಗೆ ಎದುರು ನಿಂತ ಮನುಷ್ಯನಿಂದ ಜೀವ ಉಳಿಸಿಕೊಳ್ಳುವುದಕ್ಕೆ ಮಾಡಿದ ಆಯುಧ ಅದು. ಗಂಡು ಹಂದಿಯ ಭುಜಕ್ಕೆ ಹೊಡೆದರೆ ಗಾಯ ಆಗುತ್ತದೆ, ಸಾವು ಬರುವುದಿಲ್ಲ. ಕತ್ತಲಲ್ಲಿ ಗಾಯಗೊಂಡ ಹಂದಿ ಹತ್ತಡಿ ದೂರದಲ್ಲಿದ್ದರೆ ಮುಂದಿನ ಸರದಿ ಅದರದ್ದು. ಅದು ಕೋರೆಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಸೀಳುತ್ತದೆ, ಏಟು ಬೀಳುವುದು ತೊಡೆಗೆ. ತೊಡೆಯ ರಕ್ತನಾಳ ಹರಿದರೆ ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗದೆ ಹೋಗಬಹುದು.

ಹೀಗಾಗಿ ಮಾತು ಕೋವಿಗೆ ಬರುತ್ತದೆ. 12 ಬೋರಿನ ಜೋಡುನಳಿಗೆ ಕೋವಿ ನಮ್ಮ ಸೀಮೆಗೆ ಹಳೆಯ ಪರಿಚಯ. ಒಂದು ಪೌಂಡು ಸೀಸವನ್ನು ಸಮನಾಗಿ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಗುಂಡು ಈ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೆ, ಹನ್ನೆರಡು ಎಂಬ ಲೆಕ್ಕ ಬಂದದ್ದು ಅಲ್ಲಿಂದ. ನಳಿಗೆಯ ಒಳಗಲ 18.5 ಮಿ.ಮೀ. ಪುಣೆಯ ಹತ್ತಿರದ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾಗಳನ್ನೇ ನಾವು ಹೆಚ್ಚಾಗಿ ಮಾರುತ್ತಿದ್ದೆವು. ಅದೇ ಕೆಂಪು ಕೊಳವೆಯೊಳಗೆ ಸಣ್ಣ ಹಕ್ಕಿಗೆ ಸಾಸಿವೆಯಂಥ ಚರೆಯೂ ಇರುತ್ತದೆ, ದೊಡ್ಡ ಮಿಕಕ್ಕೆ ಕಡಲೆಗಾತ್ರದ ಚರೆಯೂ ಇರುತ್ತದೆ, ಒಂಟಿ ಗುಂಡೂ ಇರುತ್ತದೆ. ಕೌಂಟರಿನಲ್ಲಿ 'ಎಲ್‌ಜಿ ಕೊಡಿ, ಎಸ್‌ಜಿ ಕೊಡಿ' ಎಂದು ಕೇಳುತ್ತಿದ್ದರು. ಎಲ್‌ಜಿ ಚರೆ ಒಂದೊಂದು 9 ಮಿ.ಮೀ. ದಪ್ಪ, ಔನ್ಸಿಗೆ ಆರು. ಎಸ್‌ಜಿ ಸ್ವಲ್ಪ ಸಣ್ಣದು, ಔನ್ಸಿಗೆ ಎಂಟು.

ಹಂದಿಗೆ ಇವುಗಳಲ್ಲಿ ಯಾವುದು ಎಂದು ಕೇಳಿದರೆ ನಾನು ಮೊದಲು ದೂರ ಎಷ್ಟು ಎಂದು ಕೇಳುತ್ತೇನೆ. ಹದಿನೈದು ಇಪ್ಪತ್ತು ಮೀಟರಿನಲ್ಲಿ ಎಲ್‌ಜಿಯ ಚರೆಗಳು ಒಟ್ಟೊಟ್ಟಿಗೆ ಹೋಗಿ ಒಂದೇ ಕಡೆ ಬೀಳುತ್ತವೆ, ಒಂದೊಂದೂ ಒಳಗಿಳಿಯುತ್ತದೆ. ಮೂವತ್ತು ದಾಟಿದ ಮೇಲೆ ಚದುರುತ್ತವೆ. ಎರಡು ಚರೆ ಹಂದಿಯ ಹೊಟ್ಟೆಗೆ, ಒಂದು ಕಾಲಿಗೆ, ಉಳಿದವು ಪಕ್ಕದ ಜಮೀನಿಗೆ. ಒಂಟಿ ಗುಂಡಿಗೆ ಬಲ ಹೆಚ್ಚು, ಎರಡು ಸಾವಿರ ಜೂಲಿಗೂ ಮೇಲೆ, ಗುರಾಣಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಗುರಿ ಸರಿಯಿರಬೇಕು, ಜೊತೆಗೆ ಆ ಕೋವಿಯ ನಳಿಗೆಗೆ ಒಂಟಿ ಗುಂಡು ಹೊಂದುತ್ತದೆಯೇ ಎಂದು ತಿಳಿದವರಿಗೆ ತೋರಿಸಿರಬೇಕು. ಬಾಯಿ ಬಿಗಿಯಾದ ನಳಿಗೆಗೆ ಹೊಂದದ ಗುಂಡು ಹಾಕಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಬಿಬಿ, ನಾಲ್ಕನೇ ನಂಬರು ಮುಂತಾದ ಸಣ್ಣ ಚರೆಯನ್ನು ಹಂದಿಗೆ ಹೊಡೆಯುವುದು ಬರಿಯ ಹಿಂಸೆ. 'ಹೆದರಿಸೋಕೆ ಸಾಕು ಬಿಡಣ್ಣ' ಎನ್ನುವವರಿದ್ದಾರೆ. ಆ ಚರೆ ಚರ್ಮದಡಿ ಕೂತು ಕೀವಾಗುತ್ತದೆ. ನೋವಿನಿಂದ ರೇಗಿದ ಆ ಹಂದಿ ಬೆಳಗ್ಗೆ ಕಳೆ ಕೀಳಲು ಹೋದ ಹೆಂಗಸಿಗೆ ಎದುರಾಗುತ್ತದೆ. ಹೆದರಿಸುವುದಕ್ಕೆ ಪಟಾಕಿ, ತಮಟೆ, ಡಬ್ಬ ಇವೆ.

ನಮ್ಮ ಹಿರಿಯರ ಕೈಯಲ್ಲಿದ್ದದ್ದು ಕೇಪಿನ ಕೋವಿ. ನಮ್ಮಪ್ಪನ ಹೆಸರಿನಲ್ಲೂ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಗುಂಡು ಇಳಿಸಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಕೂರಿಸಬೇಕು. ಒಂದು ಈಡು ಹೊಡೆದ ಮೇಲೆ ಎರಡನೆಯದಕ್ಕೆ ಬೇಕಾಗುವ ಹೊತ್ತಿನಲ್ಲಿ ಹಂದಿ ಹೊಲ ದಾಟಿರುತ್ತದೆ, ಇಲ್ಲವೇ ಮೇಲೆ ಬಿದ್ದಿರುತ್ತದೆ. ಆ ಕಾರಣಕ್ಕೇ ಅಪ್ಪ ಅಟ್ಟಣೆ ಇಲ್ಲದೆ ಕೋವಿ ಮುಟ್ಟುತ್ತಿರಲಿಲ್ಲ. ಸೀಸದ ಗುಂಡು ಸಿಗದ ದಿನ ಸೈಕಲ್ ಬಾಲು, ಮೊಳೆಯ ತುಂಡು ತುಂಬುವ ಅಭ್ಯಾಸ ಕೆಲವರಿಗಿತ್ತು. ಅದನ್ನು ಕಂಡರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಅಂಥ ತುಂಡು ನೇರ ಹೋಗುವುದಿಲ್ಲ, ಆಳಕ್ಕೂ ಇಳಿಯುವುದಿಲ್ಲ, ನಳಿಗೆಯನ್ನೂ ತಿನ್ನುತ್ತದೆ.

ಅಟ್ಟಣೆಯ ವಿಷಯವನ್ನು ಇನ್ನಷ್ಟು ಹೇಳಬೇಕು, ಏಕೆಂದರೆ ಗುಂಡು ಆರಿಸುವುದರಲ್ಲಿ ಅರ್ಧ ಪಾಲು ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಯೋಚನೆ. ಮೇಲಿನಿಂದ ಕೆಳಕ್ಕೆ ಹೊಡೆದರೆ ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ನೆಲದ ಮೇಲೆ ನಿಂತು ಹೊಡೆದರೆ ಜೋಳದ ದಂಟುಗಳನ್ನು ಸೀಳಿಕೊಂಡು ನೂರಾರು ಮೀಟರ್ ಹೋಗುತ್ತದೆ. ಜೋಳದ ಕಾಲದಲ್ಲಿ ಕಾವಲಿಗೆ ಕೂತವನು ನೀನೊಬ್ಬನೇ ಅಲ್ಲ. ಮುಂದಿನ ಹೊಲದ ಗುಡಿಸಲಲ್ಲಿ ನಿನ್ನ ದೊಡ್ಡಪ್ಪನ ಮಗ ಕಂಬಳಿ ಹೊದ್ದು ಕೂತಿರುತ್ತಾನೆ. ಹಂದಿ ಎಂದು ತಿಳಿದು ಮನುಷ್ಯನಿಗೇ ಹೊಡೆದ ಸುದ್ದಿ ಮಲೆನಾಡು, ಕೊಡಗಿನ ಕಡೆಯಿಂದ ವರ್ಷ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಬಹಳ ಸಲ ಸತ್ತವನೂ ಹೊಡೆದವನೂ ಒಂದೇ ಊರಿನ ಗೆಳೆಯರು. ಎಲೆ ಅಲುಗಾಡಿದ್ದಕ್ಕೆ ಹೊಡೆಯುವುದು, ಸದ್ದಿಗೆ ಹೊಡೆಯುವುದು, ಕಣ್ಣಿನ ಹೊಳಪಿಗೆ ಹೊಡೆಯುವುದು ಮೂರೂ ಅಪರಾಧವೆಂದೇ ನಾನು ತಿಳಿದಿದ್ದೇನೆ. ಪ್ರಾಣಿಯ ಪೂರ್ತಿ ಮೈ ಅಡ್ಡಲಾಗಿ ಕಾಣದಿದ್ದರೆ ಕೋವಿಯ ಕುದುರೆಗೆ ಬೆರಳು ಹೋಗಕೂಡದು.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗರು ಹೇಳುತ್ತಾರೆ, "ಸರಿ ಕಣಣ್ಣ, ಹಂಗಾರ 12 ಬೋರ್ ಲೈಸೆನ್ಸ್ ಮಾಡಿಸ್ಕೊತೀವಿ." ಇಲ್ಲಿ ಎರಡು ಕಾನೂನುಗಳು ಅಡ್ಡ ಬರುತ್ತವೆ, ಜನ ಒಂದನ್ನು ಮಾತ್ರ ನೋಡುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಲು ದಾರಿ ಮಾಡಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ಬೆಳೆ ಕಾಯಲು ಕೋವಿ ಬೇಕಾಗಬಹುದು ಎಂದು ಕಾನೂನೇ ಒಪ್ಪಿಕೊಂಡಂತಾಯಿತು. ಆದರೆ ಕೋವಿಯ ಲೈಸೆನ್ಸ್ ಹಂದಿಯನ್ನು ಹೊಡೆಯುವ ಪರವಾನಗಿ ಅಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ. ಮುಂಚೆ ಮೂರನೇ ಅನುಸೂಚಿಯಲ್ಲಿತ್ತು, 2022ರ ತಿದ್ದುಪಡಿಯ ನಂತರ ಎರಡನೆಯದರಲ್ಲಿದೆ. ಅದರ 11ನೇ ಸೆಕ್ಷನ್ ಪ್ರಕಾರ ನಿಂತ ಬೆಳೆಗೆ ಅಪಾಯ ಬಂದಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಮನವರಿಕೆಯಾಗಿ, ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಒಂದು ತುಂಡು ಮಾಂಸ ಮನೆಗೆ ತರುವಂತಿಲ್ಲ. ಆದೇಶವಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅಭಯಾರಣ್ಯದ ಗಡಿಯೊಳಗಾದರೆ ಕನಿಷ್ಠವೇ ಮೂರು ವರ್ಷ. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, ಬೇಟೆಗೆ ಅವರಿಗೂ ಇಲ್ಲ.

ಕೋವಿಯನ್ನು ಒಂದು ಇಲಾಖೆ ಕೊಡುತ್ತದೆ, ಹೊಡೆಯುವ ಅನುಮತಿ ಇನ್ನೊಂದರ ಕೈಯಲ್ಲಿದೆ. ಚುನಾವಣೆ ಬಂದರಂತೂ ಬೆಳೆ ಹೊಲದಲ್ಲಿದ್ದರೂ ಕೋವಿ ಪೊಲೀಸ್ ಠಾಣೆ ಸೇರುತ್ತದೆ. ನಡುವೆ ಸಿಕ್ಕಿಕೊಂಡ ರೈತನಿಗೆ ಇದನ್ನು ಕೂತು ವಿವರಿಸುವವರಿಲ್ಲ ಎಂಬುದು ನನ್ನ ಸಂಕಟ. ಪಕ್ಕದ ಕೇರಳ 2022ರಲ್ಲಿ ಒಂದು ದಾರಿ ತೆರೆಯಿತು. ಪಂಚಾಯಿತಿಯ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪರಿಪಾಲಕರ ಅಧಿಕಾರ ಕೊಟ್ಟು, ಲೈಸೆನ್ಸ್ ಇರುವ ನುರಿತ ಕೋವಿಗಾರರಿಂದ ಹಂದಿ ಹೊಡೆಸಬಹುದು ಎಂದಿತು. ವಿಷ, ವಿದ್ಯುತ್ತು, ಸ್ಫೋಟಕ ಬಳಸಕೂಡದು ಎಂದೂ ಹೇಳಿತು. ಎಲ್ಲೆಡೆ ಚೆನ್ನಾಗಿ ನಡೆದಿದೆ ಎಂದು ನಾನು ಹೇಳಲಾರೆ. ಆದರೆ ಯಾರು ಹೊಡೆಯಬೇಕು, ಯಾವುದರಿಂದ ಹೊಡೆಯಬೇಕು, ಸತ್ತ ಹಂದಿಯನ್ನು ಏನು ಮಾಡಬೇಕು ಎಂಬುದಕ್ಕೆ ಉತ್ತರ ಪಂಚಾಯಿತಿಯ ಮಟ್ಟದಲ್ಲಿ ಸಿಗುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ.

ಅಮೆರಿಕದವರಿಗೆ ಯಾಕೆ ಅಷ್ಟು ಸಲೀಸು ಎಂದೂ ಹುಡುಗರು ಕೇಳುತ್ತಾರೆ. ಟೆಕ್ಸಾಸ್‌ನಲ್ಲಿ 2019ರಿಂದ ಖಾಸಗಿ ಜಮೀನಿನ ಹಂದಿಗೆ ಬೇಟೆ ಲೈಸೆನ್ಸೂ ಬೇಡ, ಜಮೀನಿನ ಮಾಲೀಕ ಒಪ್ಪಿದರೆ ಸಾಕು. ಅಲ್ಲಿನ ಹಂದಿ ಆ ನೆಲದ್ದಲ್ಲ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಹಡಗಿನಲ್ಲಿ ತಂದ ಹಂದಿ ತಪ್ಪಿಸಿಕೊಂಡು ಕಾಡು ಸೇರಿತು. ಆಮೇಲೆ ಬೇಟೆಗೆಂದೇ ಇನ್ನಷ್ಟು ತಂದುಬಿಟ್ಟರು. ಈಗ ಆ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಇವೆ ಎಂದು ಅವರ ಕೃಷಿ ಇಲಾಖೆಯೇ ಹೇಳುತ್ತದೆ. ನಮ್ಮ ಹಂದಿ ಈ ನೆಲದ್ದೇ. ಯಳಂದೂರಿನಿಂದ ತಲೆ ಎತ್ತಿ ನೋಡಿದರೆ ಕಾಣುವ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ, ಹನೂರಿನ ಆಚೆಗಿನದು 2013ರಲ್ಲಿ ಘೋಷಣೆಯಾದ ಮಲೆಮಹದೇಶ್ವರ ವನ್ಯಧಾಮ, ಅದರ ಪಕ್ಕದಲ್ಲಿ ಕಾವೇರಿ ವನ್ಯಧಾಮ. ಅಲ್ಲಿನ ಹುಲಿ, ಚಿರತೆ, ಸೀಳುನಾಯಿಗಳಿಗೆ ಹಂದಿಯೂ ಆಹಾರ. ಕಾಡಿನಲ್ಲಿ ಹಂದಿ ತೀರಿದರೆ ಹುಲಿ ಕೊಟ್ಟಿಗೆಯ ದನಕ್ಕೆ ಬರುತ್ತದೆ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿಯೂ ನಾಲ್ಕು ಮರಿಗಳೂ ವಿಷ ಹಾಕಿದ ಹಸುವಿನ ಕಳೇಬರ ತಿಂದು ಸತ್ತವು. ದನ ಕಳೆದುಕೊಂಡವರ ಸಿಟ್ಟು ಎಲ್ಲಿಗೆ ಮುಟ್ಟಬಹುದು ಎಂದು ನಮ್ಮ ಜಿಲ್ಲೆ ಆಗ ಕಂಡಿತು.

ಹಂದಿಯ ಮೇಲಿನ ಸಿಟ್ಟಿಗೂ ಇಂಥ ಅಡ್ಡದಾರಿಗಳಿವೆ. ಕ್ಲಚ್ ವೈರಿನ ಉರುಲು ಒಂದು. ಹಂದಿಗೆಂದು ಕಟ್ಟಿದ್ದಕ್ಕೆ ಚಿರತೆ ಸಿಕ್ಕಿಕೊಳ್ಳುತ್ತದೆ, ಊರ ನಾಯಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಸಿಡಿಮದ್ದು. ತಿನಿಸಿನ ಉಂಡೆಯೊಳಗೆ ಸ್ಫೋಟಕ ಇಟ್ಟು ಬದುವಿನಲ್ಲಿ ಬಿಡುತ್ತಾರೆ, ಹಂದಿ ಕಚ್ಚಿದಾಗ ದವಡೆ ಹಾರಿಹೋಗುತ್ತದೆ. ಮೇಯಲು ಬಿಟ್ಟ ಹಸು ಕಚ್ಚಿದರೂ ಅದೇ ಗತಿ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ, ಬಾಯಿ ಛಿದ್ರವಾಗಿ, ನೀರಿನಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಮೂರನೆಯದು ಕರೆಂಟು. ಮನೆಯ ಲೈನಿನಿಂದಲೋ ಪಂಪ್‌ಸೆಟ್ಟಿನಿಂದಲೋ ನೇರ ಎಳೆದ ತಂತಿಗೆ ಆನೆ ಬೀಳುತ್ತದೆ, ರಾತ್ರಿ ನೀರು ಕಟ್ಟಲು ಹೋದ ಮನುಷ್ಯನೂ ಬೀಳುತ್ತಾನೆ. ಕಾನೂನು ಇವೆಲ್ಲವನ್ನೂ ಬೇಟೆ ಎಂದೇ ಎಣಿಸುತ್ತದೆ. ನನ್ನ ಮಾತು ಕೇಳಿ ರಿವಾಲ್ವರಿನ ಆಸೆ ಬಿಟ್ಟ ಹುಡುಗ ಸಿಡಿಮದ್ದಿಗೆ ಕೈ ಹಾಕಿದರೆ ನಾನು ಇಷ್ಟು ಹೇಳಿದ್ದು ದಂಡ. ಆದ್ದರಿಂದ ಗುಂಡಿನ ಮಾತು ಮುಗಿಸಿ ಬೇಲಿಯ ಮಾತಿಗೆ ಬರುತ್ತೇನೆ.

ಹಂದಿ ಬೇಲಿ ಹಾರುವುದು ಕಡಿಮೆ, ಮೂತಿಯಿಂದ ಎತ್ತಿ ಕೆಳಗೆ ನುಸುಳುತ್ತದೆ. ಆನೆಗೆಂದು ಎದೆಯೆತ್ತರಕ್ಕೆ ಎಳೆದ ಸೋಲಾರ್ ತಂತಿಯ ಅಡಿಯಲ್ಲಿ ಹಂದಿಯ ಹಿಂಡು ಸರಾಗವಾಗಿ ಹೋಗುವುದನ್ನು ಹನೂರಿನ ಕಡೆ ಮರಗೆಣಸು ಬೆಳೆಯುವವರು ಬಲ್ಲರು. ಹಂದಿಗೆ ತಂತಿ ಅದರ ಮೂತಿಯ ಮಟ್ಟದಲ್ಲಿರಬೇಕು: ನೆಲದಿಂದ ಒಂದು ಗೇಣಿಗೆ ಒಂದು, ಎರಡು ಗೇಣಿಗೆ ಇನ್ನೊಂದು. ಸೋಲಾರ್ ಪೆಟ್ಟಿಗೆಯಿಂದ ಬರುವ ಏಟು ಬಿಟ್ಟು ಬಿಟ್ಟು ಬಡಿಯುವ ಕ್ಷಣಮಾತ್ರದ ಏಟು, ನೋಯಿಸುತ್ತದೆ, ಕೊಲ್ಲುವುದಿಲ್ಲ. ಒದ್ದೆ ಮೂತಿಗೆ ಒಮ್ಮೆ ಬಡಿದರೆ ಹಂದಿ ಆ ಜಾಗ ನೆನಪಿಟ್ಟುಕೊಳ್ಳುತ್ತದೆ. ಹಳೇ ಸೀರೆ ಸುತ್ತುವುದು ಕೆಲವು ವಾರ ನಡೆಯುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಹಂದಿ ಹಗಲು ಮಲಗುವ ಹಳ್ಳದ ಜಾಲಿ, ಲಂಟಾನ ಪೊದೆಯನ್ನು ಹೊಲದ ಅಂಚಿನಿಂದ ಕಡಿದು ಹಿಂದಕ್ಕೆ ತಳ್ಳಿದರೆ ಅರ್ಧ ಉಪದ್ರವ ಕಮ್ಮಿ.

ತಂತಿಯ ಶತ್ರು ಹುಲ್ಲು. ಮಳೆ ಬಿದ್ದು ಹುಲ್ಲು ಬೆಳೆದು ಕೆಳಗಿನ ತಂತಿಗೆ ತಾಗಿದರೆ ಏಟೆಲ್ಲ ನೆಲಕ್ಕಿಳಿದು ಬೇಲಿ ಸತ್ತುಹೋಗುತ್ತದೆ. ಒಬ್ಬನೇ ಬೇಲಿ ಹಾಕಿದರೆ ಹಂದಿ ಪಕ್ಕದವನ ಹೊಲಕ್ಕೆ ಹೋಗುತ್ತದೆ, ಪಕ್ಕದವನು ಮತ್ತೆ ಗುಂಡಿನ ಪ್ರಶ್ನೆ ಹಿಡಿದು ಬರುತ್ತಾನೆ. ಹಾಗಾಗಿ ಈ ಸಲ ಒತ್ತಿನ ಜಮೀನಿನವರೆಲ್ಲ ಸೇರಿ ಒಂದೇ ಸುತ್ತು ತಂತಿ ಎಳೆಯುತ್ತಿದ್ದೇವೆ. ಪೆಟ್ಟಿಗೆ ನಮ್ಮ ಪಂಪ್‌ಮನೆಯಲ್ಲಿ ಇರುತ್ತದೆ. ಹುಲ್ಲು ಕೊಯ್ಯುವುದು ವಾರಕ್ಕೊಂದು ಮನೆಯ ಸರದಿ, ಮೊದಲ ವಾರ ಕೇಳಲು ಬಂದ ಹುಡುಗರದ್ದು. ಕೋವಿಯ ಲೈಸೆನ್ಸ್ ಇರುವವರು ಹೊಡೆಯುವ ಅನುಮತಿಗಾಗಿ ಅರಣ್ಯ ಇಲಾಖೆಗೆ ಕೊಡಬೇಕಾದ ಅರ್ಜಿಗೆ ಪಹಣಿ, ಹಾಳಾದ ಬೆಳೆಯ ಫೋಟೊ, ಲೈಸೆನ್ಸಿನ ಜೆರಾಕ್ಸ್ ಸೇರಿಸಿ ಇಟ್ಟಿದ್ದೇನೆ. ಬೆಳೆ ನಷ್ಟದ ಪರಿಹಾರದ ಅರ್ಜಿಯನ್ನೂ ಅದರ ಜೊತೆಗೇ ಕೊಡುತ್ತೇವೆ.